ಒಂದೇ ಗಡಿಗೆ, ಒಂದೇ ಪಂಕ್ತಿ: ಸಂಕ್ರಮಣಕ್ಕೆ ಹಾಲು-ತುಪ್ಪವಿಲ್ಲದ ಭೋಗಿ ಪಲ್ಯ

ಶರಣ ಸಂಪ್ರದಾಯದಲ್ಲಿ ಉಣ್ಣುವ ಆಹಾರವು ಬರಿಯ ಪದಾರ್ಥವಲ್ಲ. ಅರ್ಪಿತವಾದ ಮೇಲೆ ಅದು ಪ್ರಸಾದ. ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದಾಗಿರುವುದು ಉಣ್ಣುವ ಕ್ರಿಯೆಗೆ ನಮ್ಮ ಹಿರಿಯರು ಕೊಟ್ಟ ಗೌರವವನ್ನು ತೋರಿಸುತ್ತದೆ. ಕುಲದ ಹೆಸರಿನಲ್ಲಿ ನಡೆಯುತ್ತಿದ್ದ ಪಂಕ್ತಿಭೇದವನ್ನು ಹನ್ನೆರಡನೆಯ ಶತಮಾನದ ಶರಣರು ಒಪ್ಪಲಿಲ್ಲ. ಎಲ್ಲರೂ ಒಂದೇ ಸಾಲಿನಲ್ಲಿ ಕುಳಿತು ಒಂದೇ ಪ್ರಸಾದವನ್ನು ಸ್ವೀಕರಿಸಬೇಕೆಂಬುದು ದಾಸೋಹದ ತಿರುಳು.

ಇಂದಿನ ಹಬ್ಬದ ಪಂಕ್ತಿಯಲ್ಲಿ ಮತ್ತೊಂದು ಬಗೆಯ ಭೇದವು ಸದ್ದಿಲ್ಲದೆ ಸೇರಿಕೊಂಡಿದೆ. ಅದು ಆರೋಗ್ಯದ ಭೇದ. ಎಲೆಯ ಮೇಲೆ ಹೋಳಿಗೆ, ಮಾದಲಿ, ಹಾಲು, ತುಪ್ಪ ಬಂದಾಗ ಸಕ್ಕರೆ ಕಾಯಿಲೆಯ ಅಜ್ಜ ಕೈ ಹಿಂದೆಗೆಯುತ್ತಾರೆ. ಹಾಲು ಜೀರ್ಣವಾಗದ ಸೊಸೆ ಏನನ್ನೂ ಹೇಳದೆ ಬರೀ ಅನ್ನ ಉಣ್ಣುತ್ತಾಳೆ. ಪ್ರಾಣಿಮೂಲದ ಯಾವುದನ್ನೂ ಸೇವಿಸದ ವ್ರತ ಹಿಡಿದು ಊರಿಗೆ ಬಂದ ಮೊಮ್ಮಗ ಅಡುಗೆಮನೆಯಲ್ಲಿ ತನಗಾಗಿ ಪ್ರತ್ಯೇಕವಾಗಿ ಏನಿದೆ ಎಂದು ಹುಡುಕುತ್ತಾನೆ. ಒಂದೇ ಸಾಲಿನಲ್ಲಿ ಕುಳಿತಿದ್ದರೂ ಇವರು ಒಂದೇ ಊಟ ಉಣ್ಣುತ್ತಿಲ್ಲ. ಇವರೆಲ್ಲರೂ ಸಂಕೋಚವಿಲ್ಲದೆ ಉಣ್ಣಬಹುದಾದ, ಹಬ್ಬದ ಕಳೆಯೂ ಕುಂದದ ಅಡುಗೆಯೊಂದು ನಮ್ಮ ಭಾಗದಲ್ಲಿ ಮೊದಲಿನಿಂದಲೂ ಇದೆ. ಸಂಕ್ರಮಣದ ಹಿಂದಿನ ದಿನ ಮಾಡುವ ಭೋಗಿ ಪಲ್ಯವೇ ಅದು. ಅದನ್ನು ಆರೋಗ್ಯಕ್ಕೆ ಒಪ್ಪುವಂತೆ ಮಾಡುವ ಕ್ರಮವನ್ನು ಈ ಸಂಚಿಕೆಯಲ್ಲಿ ನಾವು ವಿವರವಾಗಿ ನೋಡೋಣ.

ನಮ್ಮ ನೆಲದ ತರಕಾರಿ ಹಬ್ಬಗಳು

ಹಾಲು, ಮೊಸರು, ತುಪ್ಪ, ಜೇನುತುಪ್ಪಗಳನ್ನೂ ಬಿಟ್ಟ ಆಹಾರಕ್ರಮವನ್ನು ನಗರಗಳಲ್ಲಿ ‘ವೀಗನ್’ ಎನ್ನುತ್ತಾರೆ. ಹೆಸರು ಹೊಸದು, ಅಡುಗೆ ಹೊಸದಲ್ಲ. ಬಾದಾಮಿ ಬಳಿಯ ಬನಶಂಕರಿ ದೇವಿಗೆ ಶಾಕಾಂಬರಿ ಎಂಬ ಹೆಸರೂ ಉಂಟು. ಪುಷ್ಯ ಮಾಸದ ಬನದ ಹುಣ್ಣಿಮೆಯ ರಥೋತ್ಸವಕ್ಕೆ ಮುನ್ನ ಅಲ್ಲಿ ‘ಪಲ್ಲೇದ ಹಬ್ಬ’ ನಡೆಯುತ್ತದೆ. 108 ಬಗೆಯ ತರಕಾರಿ ಪದಾರ್ಥಗಳನ್ನು ದೇವಿಗೆ ನೈವೇದ್ಯ ಮಾಡುತ್ತಾರೆ. ಅದಕ್ಕೂ ಮೊದಲು ಎಳ್ಳು ಅಮಾವಾಸ್ಯೆಯಂದು ರೈತರು ಹೊಲಕ್ಕೆ ಹೋಗಿ ಭೂತಾಯಿಗೆ ಚರಗ ಚೆಲ್ಲುತ್ತಾರೆ. ಆ ಬುತ್ತಿಯಲ್ಲಿಯೂ ರೊಟ್ಟಿ, ಕಾಳು, ಸೊಪ್ಪು, ಬದನೆಕಾಯಿಗಳಿಗೇ ಮೊದಲ ಸ್ಥಾನ. ಸಂಕ್ರಮಣದ ದಿನ ಹುನಗುಂದ ತಾಲ್ಲೂಕಿನ ಕೂಡಲಸಂಗಮದಲ್ಲಿ ಕೃಷ್ಣೆ-ಮಲಪ್ರಭೆಯರ ಸಂಗಮಸ್ನಾನ ಮುಗಿಸಿ, ನದಿಯ ದಂಡೆಯಲ್ಲಿ ಬುತ್ತಿ ಬಿಚ್ಚುವ ಕುಟುಂಬಗಳನ್ನು ಕಂಡವರಿಗೆ ಈ ಮಾತು ಹೊಸದಲ್ಲ.

ಈ ಹಬ್ಬಗಳೆಲ್ಲವೂ ಚಳಿಗಾಲದಲ್ಲಿಯೇ ಬರುವುದಕ್ಕೆ ಕಾರಣವಿದೆ. ಮುಂಗಾರಿನ ಸಜ್ಜೆ, ಎಳ್ಳು, ಶೇಂಗಾ ಆ ಹೊತ್ತಿಗೆ ಮನೆ ಸೇರಿರುತ್ತವೆ. ಹಸಿ ಅವರೆ, ಹಸಿ ಕಡಲೆ, ಬದನೆಕಾಯಿ, ಗಜ್ಜರಿ, ಮೆಂತ್ಯೆ, ಉಳ್ಳಾಗಡ್ಡಿ ತಪ್ಪಲು ಸಂತೆಯಲ್ಲಿ ಒಟ್ಟಿಗೆ ಕಾಣಿಸಿಕೊಳ್ಳುತ್ತವೆ. ಹೊಲದಲ್ಲಿ ಬೆಳೆದ ಎಲ್ಲವನ್ನೂ ಒಂದೇ ಪಾತ್ರೆಗೆ ಕೂಡಿಸಿದರೆ ಅದೇ ಭೋಗಿ ಪಲ್ಯ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಅದರ ಜೊತೆಗಾರ. ವಿದ್ಯಾಗಿರಿ, ನವನಗರಗಳಂತಹ ಬಡಾವಣೆಗಳಲ್ಲಿ ನೆಲೆಸಿ ಹೊಲದಿಂದ ದೂರವಾದ ಮನೆಗಳಿಗೂ ಸಂತೆಯ ಒಂದು ಚೀಲದಲ್ಲಿ ಈ ಹಬ್ಬವನ್ನು ತಂದುಕೊಳ್ಳುವುದು ಸಾಧ್ಯ.

ಯಾರಿಗೆ ಏನು ಒಗ್ಗದು?

ಅಡುಗೆಗೆ ತೊಡಗುವ ಮುನ್ನ ಪಂಕ್ತಿಯಲ್ಲಿ ಕುಳಿತುಕೊಳ್ಳುವವರನ್ನು ನೆನೆಯಬೇಕು. ‘ಹಾಲು ಬೇಡ’ ಎನ್ನುವವರೆಲ್ಲರ ಕಾರಣವೂ ಒಂದೇ ಅಲ್ಲ. ಅದನ್ನು ಮೂರು ಬಗೆಯಾಗಿ ತಿಳಿಯಬಹುದು.

ಮೊದಲನೆಯದು, ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಜೀರ್ಣವಾಗದಿರುವುದು. ಇದನ್ನು ಒಡೆಯುವ ಕಿಣ್ವವು ವಯಸ್ಸಾದಂತೆ ಅನೇಕರಲ್ಲಿ ಕಡಿಮೆಯಾಗುತ್ತದೆ. ಹಾಲು ಕುಡಿದರೆ ಹೊಟ್ಟೆ ಉಬ್ಬರ, ನುಲಿತ, ಭೇದಿ ಉಂಟಾಗುತ್ತವೆ. ಇಂಥವರಲ್ಲಿ ಹಲವರಿಗೆ ಮೊಸರು, ಮಜ್ಜಿಗೆ ಸ್ವಲ್ಪ ಮಟ್ಟಿಗೆ ಒಗ್ಗಬಹುದು. ತುಪ್ಪದಲ್ಲಿ ಲ್ಯಾಕ್ಟೋಸ್ ಇಲ್ಲವೆನ್ನುವಷ್ಟು ಕಡಿಮೆ. ಎರಡನೆಯದು, ಹಾಲಿನ ಪ್ರೋಟೀನಿನ ಅಲರ್ಜಿ. ಇದು ಮಕ್ಕಳಲ್ಲಿ ಹೆಚ್ಚು. ಇಲ್ಲಿ ಒಂದು ಚಮಚೆಯೂ ಅಪಾಯ ತರಬಲ್ಲದು. ಮೂರನೆಯದು, ಪ್ರಾಣಿಮೂಲದ ಆಹಾರವನ್ನು ತತ್ತ್ವವಾಗಿ ಬಿಟ್ಟವರು. ಅವರಿಗೆ ಒಗ್ಗರಣೆಯ ತುಪ್ಪವೂ ಬೇಡ.

ಅತಿಥಿಯು ಈ ಮೂವರಲ್ಲಿ ಯಾರೆಂಬುದನ್ನು ಅಡುಗೆಯವರು ಊಹಿಸಬಾರದು, ಕೇಳಬೇಕು. “ಒಂದು ಹನಿ ತುಪ್ಪದಿಂದ ಏನಾದೀತು” ಎಂಬ ಮಾತು ಮೊದಲನೆಯವರ ವಿಷಯದಲ್ಲಿ ನಡೆದೀತು; ಎರಡನೆಯವರಿಗೆ ಕೇಡು, ಮೂರನೆಯವರಿಗೆ ನೋವು. ಪಲ್ಯದ ಪಾತ್ರೆಯಲ್ಲಿಯೇ ಹಾಲಿನ ಅಂಶವಿಲ್ಲದಂತೆ ನೋಡಿಕೊಂಡು, ಬೆಣ್ಣೆ, ತುಪ್ಪ, ಮೊಸರುಗಳನ್ನು ಬೇರೆ ಬಟ್ಟಲಲ್ಲಿ ಬೇರೆ ಸೌಟಿನೊಡನೆ ಇಟ್ಟರೆ ಮೂವರಿಗೂ ನ್ಯಾಯ ದೊರೆಯುತ್ತದೆ. ಬೇಕಾದವರು ಬೆಣ್ಣೆ ಹಾಕಿಸಿಕೊಳ್ಳುತ್ತಾರೆ, ಬೇಡವಾದವರು ಸುಮ್ಮನೆ ಉಣ್ಣುತ್ತಾರೆ. ಹಾಲು-ತುಪ್ಪದ ನಮ್ಮ ಪರಂಪರೆಯನ್ನು ಇದು ಅಲ್ಲಗಳೆಯುವುದಿಲ್ಲ.

ಬೇಕಾಗುವ ಸಾಮಗ್ರಿ (12 ಜನರಿಗೆ)

ತರಕಾರಿ ಮತ್ತು ಕಾಳು: ಎಳೆಯ ಬದನೆಕಾಯಿ 500 ಗ್ರಾಂ, ಸುಲಿದ ಹಸಿ ಅವರೆಕಾಳು 300 ಗ್ರಾಂ, ಗಜ್ಜರಿ 300 ಗ್ರಾಂ, ಸಿಹಿಗುಂಬಳ 300 ಗ್ರಾಂ, ಚವಳಿಕಾಯಿ ಅಥವಾ ಬೀನ್ಸ್ 250 ಗ್ರಾಂ, ಟೊಮೆಟೊ 250 ಗ್ರಾಂ, ಸುಲಿದ ಹಸಿ ಕಡಲೆ 200 ಗ್ರಾಂ, ಗೆಣಸು 200 ಗ್ರಾಂ, ಬಿಡಿಸಿದ ಮೆಂತ್ಯೆ ಸೊಪ್ಪು 150 ಗ್ರಾಂ, ಉಳ್ಳಾಗಡ್ಡಿ ತಪ್ಪಲು 150 ಗ್ರಾಂ.

ಮಸಾಲೆ: ಶೇಂಗಾ 100 ಗ್ರಾಂ, ಎಳ್ಳು 60 ಗ್ರಾಂ, ಒಣ ಕೊಬ್ಬರಿ 40 ಗ್ರಾಂ, ಬ್ಯಾಡಗಿ ಮೆಣಸಿನಕಾಯಿ 8ರಿಂದ 10, ಕೊತ್ತಂಬರಿ ಬೀಜ 2 ದೊಡ್ಡ ಚಮಚೆ, ಜೀರಿಗೆ 1 ಸಣ್ಣ ಚಮಚೆ, ಬೆಳ್ಳುಳ್ಳಿ 12 ಎಸಳು, ಒಂದು ಅಂಗುಲ ಹಸಿ ಶುಂಠಿ, ಅರಿಶಿನ ಅರ್ಧ ಸಣ್ಣ ಚಮಚೆ.

ಇತರೆ: ಹುಣಸೆಹಣ್ಣು 25 ಗ್ರಾಂ, ಬೆಲ್ಲ 20 ಗ್ರಾಂ, ಉಪ್ಪು 18 ಗ್ರಾಂ (ಸಮತಟ್ಟಾದ 3 ಸಣ್ಣ ಚಮಚೆ), ಎಣ್ಣೆ 60 ಮಿ.ಲೀ. (4 ದೊಡ್ಡ ಚಮಚೆ), ಸಾಸಿವೆ, ಕರಿಬೇವು, ಕೊತ್ತಂಬರಿ ಸೊಪ್ಪು, ಕೊನೆಯಲ್ಲಿ ಹಿಂಡಲು 2 ನಿಂಬೆಹಣ್ಣು.

ಈ ಅಳತೆಗಳ ಹಿಂದಿನ ಲೆಕ್ಕವನ್ನು ತಿಳಿದರೆ ಮನೆಯಲ್ಲಿ ಹೊಂದಿಸಿಕೊಳ್ಳುವುದು ಸುಲಭ. ತರಕಾರಿ, ಸೊಪ್ಪು, ಹಸಿ ಕಾಳು ಕೂಡಿ ಒಟ್ಟು 2,600 ಗ್ರಾಂ, ಅಂದರೆ ಒಬ್ಬರಿಗೆ 200 ಗ್ರಾಂಗಿಂತ ಹೆಚ್ಚು. ದಿನಕ್ಕೆ ತರಕಾರಿ, ಹಣ್ಣುಗಳು ಕೂಡಿ ಕನಿಷ್ಠ 400 ಗ್ರಾಂ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಾಳಿನ ಪಾಲನ್ನು ಬಿಟ್ಟು ಎಣಿಸಿದರೂ ಅದರ ಹೆಚ್ಚುಕಡಿಮೆ ಅರ್ಧದಷ್ಟು ಈ ಒಂದು ಪಲ್ಯದಿಂದಲೇ ದೊರೆಯುತ್ತದೆ. ಉಪ್ಪು ದಿನಕ್ಕೆ 5 ಗ್ರಾಂ ಮೀರಬಾರದೆಂಬುದು ಅದೇ ಸಂಸ್ಥೆಯ ಸಲಹೆ. 18 ಗ್ರಾಂ ಉಪ್ಪನ್ನು 12 ಜನ ಹಂಚಿಕೊಂಡರೆ ಒಬ್ಬರಿಗೆ ಒಂದೂವರೆ ಗ್ರಾಂ ಬರುತ್ತದೆ. ಜೊತೆಗೆ ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳನ್ನು ಬಡಿಸಿದರೆ ಈ ಲೆಕ್ಕ ಅಲ್ಲಿಗೇ ಮುರಿಯುತ್ತದೆ ಎಂಬುದನ್ನು ರಕ್ತದೊತ್ತಡವಿರುವವರು ಮರೆಯಬಾರದು.

ಎಣ್ಣೆಯ ವಿಷಯವೂ ಹೀಗೆಯೇ. 60 ಮಿ.ಲೀ. ಎಂದರೆ ಒಬ್ಬರಿಗೆ ಒಂದು ಸಣ್ಣ ಚಮಚೆ. ಇದು ಕಡಿಮೆಯೆಂದು ತೋರಬಹುದು. ಆದರೆ ಶೇಂಗಾ, ಎಳ್ಳುಗಳ ತೂಕದಲ್ಲಿ ಸುಮಾರು ಅರ್ಧ, ಒಣ ಕೊಬ್ಬರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಎಣ್ಣೆಯ ಅಂಶವೇ ಇರುತ್ತದೆ. ಅದರಿಂದ ಪ್ರತಿಯೊಬ್ಬರಿಗೂ ಇನ್ನೂ 8-9 ಗ್ರಾಂ ಸೇರುತ್ತದೆ. ಗಜ್ಜರಿ, ಕುಂಬಳ, ಸೊಪ್ಪುಗಳಲ್ಲಿರುವ ಕ್ಯಾರೋಟಿನ್ ಮೈಗೆ ಹತ್ತಲು ಇಷ್ಟು ಜಿಡ್ಡು ಸಾಕು. ಮೇಲೆ ತೇಲುವ ಎಣ್ಣೆ ರುಚಿಯ ಗುರುತಲ್ಲ.

ಮಾಡುವ ಕ್ರಮ

ಸಾಮಾನ್ಯವಾಗಿ ಭೋಗಿ ಪಲ್ಯಕ್ಕೆ ಎಲ್ಲ ತರಕಾರಿಗಳನ್ನೂ ಒಗ್ಗರಣೆಗೆ ಹಾಕಿ ಕೈಯಾಡಿಸುತ್ತ ಬೇಯಿಸುತ್ತಾರೆ. ಆಗ ಗಜ್ಜರಿ ಬೇಯುವಷ್ಟರಲ್ಲಿ ಕುಂಬಳ ಕರಗಿಹೋಗುತ್ತದೆ. ಮೆಂತ್ಯೆಯ ಹಸಿರು ಕಪ್ಪಾಗುತ್ತದೆ. ಅದಕ್ಕಾಗಿ ನಾವಿಲ್ಲಿ ಪದರು ಪದರಾಗಿ ಜೋಡಿಸಿ, ಮುಚ್ಚಳಕ್ಕೆ ಕಣಕ ಮೆತ್ತಿ, ಸಣ್ಣ ಉರಿಯಲ್ಲಿ ಹಬೆಯಲ್ಲಿಯೇ ಬೇಯಿಸುವ ಕ್ರಮವನ್ನು ಹೇಳುತ್ತಿದ್ದೇವೆ. ಪಾಶ್ಚಾತ್ಯರು ತಮ್ಮ ಹಬ್ಬಗಳಲ್ಲಿ ತರಕಾರಿಗಳನ್ನು ಮುಚ್ಚಿದ ಪಾತ್ರೆಯಲ್ಲಿಟ್ಟು ಒಲೆಗೂಡಿನಲ್ಲಿ ನಿಧಾನವಾಗಿ ಬೇಯಿಸುವ ಅಡುಗೆಗೆ ‘ಕ್ಯಾಸರೋಲ್’ ಎನ್ನುತ್ತಾರೆ. ನಮ್ಮ ಮನೆಗಳಲ್ಲಿ ಆ ಹೆಸರು ರೊಟ್ಟಿ ಬಿಸಿಯಾಗಿಡುವ ಡಬ್ಬಿಗೆ ಅಂಟಿಕೊಂಡಿದೆ. ತತ್ತ್ವ ಎರಡರಲ್ಲಿಯೂ ಒಂದೇ: ಬಿಸಿಯನ್ನೂ ಹಬೆಯನ್ನೂ ಹೊರಗೆ ಬಿಡದಿರುವುದು.

1. ಪಾತ್ರೆಯ ಆಯ್ಕೆ. ಮಣ್ಣಿನ ಗಡಿಗೆಯಾದರೆ ಹೊಳಪು ಬಳಿಯದ ಸಾದಾ ಗಡಿಗೆಯನ್ನೇ ಆರಿಸಬೇಕು. ಕೆಲವು ಹೊಳಪು ಲೇಪಗಳಲ್ಲಿ ಸೀಸ ಇರುವ ಸಂಭವವುಂಟು. ಹೊಸ ಗಡಿಗೆಯನ್ನು ಒಂದು ರಾತ್ರಿ ನೀರಿನಲ್ಲಿ ಮುಳುಗಿಸಿಡಬೇಕು. ಗಡಿಗೆ ಇಲ್ಲದಿದ್ದರೆ ದಪ್ಪ ತಳದ ಸ್ಟೀಲ್ ಪಾತ್ರೆ ಆದೀತು. ಹುಣಸೆಯ ಹುಳಿ ಸೇರುವುದರಿಂದ ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆಯ ಪಾತ್ರೆಗಳು ಸಲ್ಲವು. ಹುಳಿಯಲ್ಲಿ ತಾಮ್ರ ಕರಗಿ ವಾಂತಿ, ಹೊಟ್ಟೆನೋವು ಬರಬಹುದು. ಹಬ್ಬಕ್ಕೆಂದು ಅಟ್ಟದಿಂದ ಹಳೆಯ ಹಿತ್ತಾಳೆ ಪಾತ್ರೆಗಳನ್ನು ಇಳಿಸುವವರು ಒಳಗಿನ ಕಲಾಯಿಯನ್ನು ಮೊದಲು ನೋಡಬೇಕು.

2. ತೊಳೆಯುವುದು, ಹೆಚ್ಚುವುದು. ತರಕಾರಿಗಳನ್ನು ಇಡಿಯಾಗಿರುವಾಗಲೇ ಹರಿಯುವ ನೀರಿನಲ್ಲಿ ಉಜ್ಜಿ ತೊಳೆಯಬೇಕು. ಹೆಚ್ಚಿದ ಮೇಲೆ ತೊಳೆದರೆ ‘ಸಿ’ ಜೀವಸತ್ವ ಮತ್ತು ‘ಬಿ’ ಗುಂಪಿನ ಜೀವಸತ್ವಗಳು ನೀರಿನೊಡನೆ ಹೋಗುತ್ತವೆ. ಸೊಪ್ಪನ್ನು ಅಗಲ ಪಾತ್ರೆಯ ನೀರಿನಲ್ಲಿ ಮೂರು ಸಲ ಜಾಲಾಡಿ, ಸೊಪ್ಪನ್ನೇ ಮೇಲೆತ್ತಿಕೊಳ್ಳಬೇಕು. ಮಣ್ಣು ತಳದಲ್ಲಿ ಉಳಿಯುತ್ತದೆ. ಗಜ್ಜರಿ, ಗೆಣಸುಗಳನ್ನು ಅರ್ಧ ಅಂಗುಲದ ಹೋಳುಗಳಾಗಿಯೂ ಕುಂಬಳವನ್ನು ಒಂದೂವರೆ ಅಂಗುಲದ ಹೋಳುಗಳಾಗಿಯೂ ಮಾಡಿಕೊಳ್ಳಬೇಕು. ಬದನೆಕಾಯಿಯನ್ನು ತೊಟ್ಟು ಉಳಿಸಿ ನಾಲ್ಕು ಸೀಳಾಗಿ ಕೊಯ್ದು, ಹುಳುವಿಲ್ಲವೆಂದು ನೋಡಿ, ನೀರಿನಲ್ಲಿ ಹಾಕಿಡಬೇಕು.

3. ಮಸಾಲೆ. ಎಳ್ಳು, ಶೇಂಗಾ, ಕೊತ್ತಂಬರಿ ಬೀಜ-ಜೀರಿಗೆ, ಮೆಣಸಿನಕಾಯಿಗಳನ್ನು ಬೇರೆ ಬೇರೆಯಾಗಿ ಸಣ್ಣ ಉರಿಯಲ್ಲಿ ಹುರಿಯಬೇಕು. ಎಳ್ಳು ಸಿಡಿಯಲು ತೊಡಗಿದ ಕೂಡಲೇ ಇಳಿಸಬೇಕು; ಕರಿದಾದರೆ ಪಲ್ಯವೆಲ್ಲ ಕಹಿ. ಶೇಂಗಾ ಸಿಪ್ಪೆಯನ್ನು ಉಜ್ಜಿ ತೂರಿ, ಮಿಕ್ಸರಿನಲ್ಲಿ ನಿಲ್ಲಿಸಿ ನಿಲ್ಲಿಸಿ ತರಿಯಾಗಿ ಪುಡಿ ಮಾಡಬೇಕು. ಬಿಡದೆ ತಿರುಗಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಉಳಿದುದನ್ನು ಕೊಬ್ಬರಿ, ಬೆಳ್ಳುಳ್ಳಿ, ಶುಂಠಿ, ಅರಿಶಿನದೊಡನೆ ಪುಡಿ ಮಾಡಿ ಶೇಂಗಾಪುಡಿಗೆ ಕೂಡಿಸಬೇಕು.

4. ಕಾಳು. ಅವರೆ ಮತ್ತು ಹಸಿ ಕಡಲೆಯನ್ನು ಮುಳುಗುವಷ್ಟೇ ನೀರಿನಲ್ಲಿ 10 ನಿಮಿಷ ಚೆನ್ನಾಗಿ ಕುದಿಸಬೇಕು. ಕಾಳಿನ ನೀರನ್ನು ಚೆಲ್ಲಬಾರದು. ಹುಣಸೆ, ಬೆಲ್ಲ, ಉಪ್ಪುಗಳನ್ನು ಅದರಲ್ಲಿಯೇ ಕದಡಿ ಸೋಸಿ, ಒಟ್ಟು 400 ಮಿ.ಲೀ. ರಸ ಮಾಡಿಕೊಳ್ಳಬೇಕು.

5. ಒಗ್ಗರಣೆ. ಎಣ್ಣೆ ಕಾದ ಮೇಲೆ ಸಾಸಿವೆ, ಕರಿಬೇವು ಹಾಕಿ, ಉಳ್ಳಾಗಡ್ಡಿ ತಪ್ಪಲಿನ ಬಿಳಿಯ ಭಾಗವನ್ನು ಬಾಡಿಸಬೇಕು. ಸೀಳಿದ ಬದನೆಕಾಯಿಗೆ ಅರ್ಧ ಮಸಾಲೆಯನ್ನು ತುಂಬಿ, ಇದೇ ಒಗ್ಗರಣೆಯಲ್ಲಿ ಐದು ನಿಮಿಷ ಹೊರಳಿಸಿ ತೆಗೆಯಬೇಕು.

6. ಪದರು ಜೋಡಿಸುವುದು. ಗಡಿಗೆಯ ತಳದಲ್ಲಿ ಗಜ್ಜರಿ ಮತ್ತು ಗೆಣಸು. ಅದರ ಮೇಲೆ ಚವಳಿಕಾಯಿ. ಅನಂತರ ಬೆಂದ ಕಾಳು. ಆಮೇಲೆ ಒಗ್ಗರಣೆಸಹಿತ ಬದನೆಕಾಯಿ. ಅದರ ಮೇಲೆ ಕುಂಬಳ, ಟೊಮೆಟೊ. ಎಲ್ಲಕ್ಕೂ ಮೇಲೆ ಮೆಂತ್ಯೆ ಮತ್ತು ಉಳ್ಳಾಗಡ್ಡಿಯ ಹಸಿರು ತಪ್ಪಲು. ಪ್ರತಿ ಪದರಿನ ಮೇಲೂ ಉಳಿದ ಮಸಾಲೆಯನ್ನು ಉದುರಿಸಬೇಕು. ತಡವಾಗಿ ಬೇಯುವುದು ಬೆಂಕಿಗೆ ಹತ್ತಿರ, ಬೇಗ ಬೇಯುವುದು ದೂರ ಎಂಬುದೇ ಇಲ್ಲಿನ ಸೂತ್ರ. ಹುಣಸೆಯ ರಸವನ್ನು ಅಂಚಿನಿಂದ ಸುತ್ತಲೂ ಹೊಯ್ಯಬೇಕು.

7. ಮುಚ್ಚಿ ಬೇಯಿಸುವುದು. ತಟ್ಟೆ ಮುಚ್ಚಿ, ಸಂದಿಗೆ ಜೋಳದ ಹಿಟ್ಟಿನ ಕಣಕ ಮೆತ್ತಬೇಕು. ಗ್ಯಾಸಿನ ಒಲೆಯಾದರೆ ಗಡಿಗೆಯ ಕೆಳಗೆ ರೊಟ್ಟಿಯ ಹಂಚನ್ನಿಟ್ಟರೆ ಉರಿ ಒಂದೇ ಕಡೆ ತಾಗುವುದಿಲ್ಲ. ಮೊದಲ ಹತ್ತು ನಿಮಿಷ ಉರಿಯನ್ನು ನಿಧಾನವಾಗಿ ಏರಿಸಿ, ಆಮೇಲೆ ಸಣ್ಣಗೆ ಮಾಡಿ, 35-40 ನಿಮಿಷ ಬಿಡಬೇಕು. ನಡುವೆ ತೆರೆಯಬಾರದು, ಕೈಯಾಡಿಸಬಾರದು. ಒಲೆ ಆರಿಸಿದ ಮೇಲೂ 15 ನಿಮಿಷ ಹಾಗೆಯೇ ಇರಲಿ. ತೆರೆಯುವಾಗ ಮುಖವನ್ನು ದೂರ ಹಿಡಿದು, ಮುಚ್ಚಳವನ್ನು ಆಚೆ ಬದಿಯಿಂದ ಎತ್ತಬೇಕು. ಒಳಗಿನ ಹಬೆ ಕೈ ಸುಡುವಷ್ಟು ಇರುತ್ತದೆ. ತಳದಿಂದ ಒಮ್ಮೆ ಮೆಲ್ಲಗೆ ಮಗುಚಿ, ಕೊತ್ತಂಬರಿ ಸೊಪ್ಪು ಹಾಕಿ, ಬಡಿಸುವ ಮುನ್ನ ನಿಂಬೆರಸ ಹಿಂಡಬೇಕು.

ಪರದೇಶಗಳಲ್ಲಿರುವ ಭಕ್ತರು ಇದನ್ನೇ ಮುಚ್ಚಳವಿರುವ, ಒಲೆಗೂಡಿಗೆ ಒಪ್ಪುವ ಪಾತ್ರೆಯಲ್ಲಿ 180 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಮಾರು ಒಂದು ಗಂಟೆ ಬೇಯಿಸಬಹುದು. ಹಸಿ ಅವರೆ ಸಿಗದಿದ್ದರೆ ಹಸಿ ಬಟಾಣಿ ಆದೀತು. ಒಣ ರಾಜ್ಮಾ ಬಳಸುವುದಾದರೆ ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ 10 ನಿಮಿಷ ಕೊತಕೊತನೆ ಕುದಿಸಿ, ಪೂರ್ತಿ ಮೆತ್ತಗಾದ ಮೇಲೆಯೇ ಸೇರಿಸಬೇಕು. ಅರೆಬೆಂದ ರಾಜ್ಮಾದಲ್ಲಿ ವಾಂತಿ-ಭೇದಿ ತರುವ ವಿಷಾಂಶವಿರುತ್ತದೆ.

ಗುಣವನ್ನು ಕಳೆಯುವ ಮೂರು ರೂಢಿಗಳು

ಒಂದು, ತರಕಾರಿ ಹಸಿರಾಗಿ ಉಳಿಯಲೆಂದು, ಕಾಳು ಬೇಗ ಬೇಯಲೆಂದು ಅಡುಗೆ ಸೋಡಾ ಹಾಕುವುದು. ಸೋಡಾದ ಕ್ಷಾರದಲ್ಲಿ ಥಯಾಮಿನ್ ಮತ್ತು ‘ಸಿ’ ಜೀವಸತ್ವಗಳು ಬೇಗ ನಾಶವಾಗುತ್ತವೆ; ಸೋಡಿಯಂ ಬೇರೆ ಹೆಚ್ಚುತ್ತದೆ. ಎರಡು, ಬೇಯಿಸಿದ ನೀರನ್ನು ಬಸಿದು ಚೆಲ್ಲುವುದು. ಮೂರು, ತುಪ್ಪ ಬೇಡವೆಂದ ಮೇಲೆ ಅದರ ಬದಲು ಡಾಲ್ಡಾ ಹಾಕುವುದು. ಸಸ್ಯಮೂಲವೆಂಬ ಕಾರಣಕ್ಕೆ ವನಸ್ಪತಿ ಒಳ್ಳೆಯದಾಗದು. ಹೃದಯಕ್ಕೆ ಕೇಡಾದ ಗಟ್ಟಿ ಕೊಬ್ಬು ಅದರಲ್ಲಿದೆ. ಶೇಂಗಾ ಎಣ್ಣೆ ಅಥವಾ ಕುಸುಬಿ ಎಣ್ಣೆಯೇ ಸಾಕು.

ಸಜ್ಜೆ ರೊಟ್ಟಿಯ ಜೊತೆ ಏಕೆ?

ಧಾನ್ಯದ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಂಶ ಕಡಿಮೆ. ಕಾಳುಗಳಲ್ಲಿ ಅದು ಹೆಚ್ಚು. ಕಾಳುಗಳಲ್ಲಿ ಕಡಿಮೆಯಿರುವ ಮೆಥಿಯೊನಿನ್ ಸಜ್ಜೆ, ಎಳ್ಳುಗಳಲ್ಲಿದೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ವಿಶ್ವಸಂಸ್ಥೆಯು 2023ನ್ನು ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಘೋಷಿಸಿದ ಮೇಲೆ ಸಜ್ಜೆಯ ಹೆಸರು ನಗರಗಳಲ್ಲಿ ಕೇಳಿಬಂದಿತು. ನಮ್ಮ ಹಿರಿಯರು ಯಾವ ಘೋಷಣೆಗೂ ಕಾಯದೆ ಅದನ್ನು ಉಂಡವರು. ಸಜ್ಜೆ, ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣಾಂಶವು ಸುಲಭವಾಗಿ ಮೈಗೆ ಹತ್ತುವಂಥದ್ದಲ್ಲ. ಅದೇ ಊಟದಲ್ಲಿ ನಿಂಬೆಯಂತಹ ‘ಸಿ’ ಜೀವಸತ್ವದ ಪದಾರ್ಥವಿದ್ದರೆ ಹೆಚ್ಚು ಹತ್ತುತ್ತದೆ. ಊಟದ ಬೆನ್ನಿಗೇ ಚಹಾ ಕುಡಿದರೆ ಕಡಿಮೆಯಾಗುತ್ತದೆ. ರಕ್ತಹೀನತೆಯಿರುವ ತಾಯಂದಿರು, ಹೆಣ್ಣುಮಕ್ಕಳು ಹಬ್ಬದ ಊಟದ ನಂತರದ ಚಹಾವನ್ನು ಒಂದು ಗಂಟೆಯಾದರೂ ಮುಂದೂಡುವುದು ಒಳಿತು.

ಪಲ್ಯದೊಂದಿಗೆ ಮಡಕೆಕಾಳಿನ ಉಸಳಿ ಅಥವಾ ಹೆಸರುಬೇಳೆಯ ಪದಾರ್ಥವೊಂದಿದ್ದರೆ ಊಟ ಪೂರ್ಣವಾಗುತ್ತದೆ.

ಪಂಕ್ತಿಯಲ್ಲಿ ಗಮನಿಸಬೇಕಾದವರು

ಸಕ್ಕರೆ ಕಾಯಿಲೆಯವರು: ಗೆಣಸಿನ ಹೋಳುಗಳನ್ನು ಕಡಿಮೆ ಹಾಕಿಸಿಕೊಂಡು, ಅವರೆ, ಬದನೆ, ಸೊಪ್ಪುಗಳನ್ನು ಹೆಚ್ಚು ಉಣ್ಣಬಹುದು. ಮೊದಲು ಪಲ್ಯ, ಆಮೇಲೆ ರೊಟ್ಟಿ ಉಂಡರೆ ಸಕ್ಕರೆ ಏರುವ ವೇಗ ತಗ್ಗುತ್ತದೆ. ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಹಬ್ಬದ ದಿನ ಪೂಜೆ, ಆಶೀರ್ವಚನ ಮುಗಿದು ಪಂಕ್ತಿ ಕೂರುವಷ್ಟರಲ್ಲಿ ಹೊತ್ತು ಮೀರುತ್ತದೆ. ಬೆಳಗ್ಗೆ ಗುಳಿಗೆ ನುಂಗಿದವರಿಗೆ, ಇನ್ಸುಲಿನ್ ತೆಗೆದುಕೊಂಡವರಿಗೆ ಆಗ ಸಕ್ಕರೆ ಇಳಿದು ಬೆವರು, ನಡುಕ, ತಲೆಸುತ್ತು ಬರುತ್ತವೆ, ಎಚ್ಚರ ತಪ್ಪಲೂಬಹುದು. ಇಂಥವರನ್ನು ಮೊದಲ ಪಂಕ್ತಿಯಲ್ಲಿ ಕೂರಿಸುವುದು ದಾಸೋಹ ನಡೆಸುವವರ ಕರ್ತವ್ಯ. ಲಕ್ಷಣ ಕಂಡರೆ ಎಚ್ಚರವಿರುವವರಿಗೆ ಕೂಡಲೇ ಸಕ್ಕರೆ ಅಥವಾ ಬೆಲ್ಲದ ನೀರು ಕೊಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಸೇರಿಸಬೇಕು.

ಮೂತ್ರಪಿಂಡದ ತೊಂದರೆಯವರು: ಸೊಪ್ಪು, ಟೊಮೆಟೊ, ಗೆಣಸುಗಳಲ್ಲಿ ಪೊಟ್ಯಾಸಿಯಂ ಹೆಚ್ಚು. ಇವರಿಗೆ ಮಾತ್ರ ನಾವು ಮೇಲೆ ಹೇಳಿದ ನಿಯಮ ತಿರುಗುಮುರುಗು: ತರಕಾರಿಯನ್ನು ಹೆಚ್ಚಿ, ಧಾರಾಳ ನೀರಿನಲ್ಲಿ ಬೇಯಿಸಿ, ನೀರು ಬಸಿದು ಕೊಡಬೇಕು. ಎಷ್ಟು, ಯಾವುದು ಎಂಬುದನ್ನು ಅವರ ವೈದ್ಯರೇ ಹೇಳಬೇಕು.

ರಕ್ತ ತಿಳಿಯಾಗಿಸುವ ವಾರ್ಫರಿನ್ ಗುಳಿಗೆಯವರು: ಸೊಪ್ಪನ್ನು ಒಂದೇ ದಿನ ವಿಪರೀತ ಉಣ್ಣದೆ ದಿನವೂ ಒಂದೇ ಪ್ರಮಾಣದಲ್ಲಿ ಸೇವಿಸಬೇಕು.

ಶೇಂಗಾ ಅಥವಾ ಎಳ್ಳಿನ ಅಲರ್ಜಿಯುಳ್ಳವರು: ಈ ಪಲ್ಯ ಅವರಿಗೆ ಸಲ್ಲದು. ಮಸಾಲೆ ಹಾಕುವ ಮೊದಲೇ ಅವರ ಪಾಲನ್ನು ಬೇರೆ ಪಾತ್ರೆಯಲ್ಲಿ ಬೇಯಿಸಬೇಕು. ಬಡಿಸುವವರಿಗೆ ಪದಾರ್ಥದಲ್ಲಿ ಏನೇನಿದೆ ಎಂಬುದು ತಿಳಿದಿರಬೇಕು.

ಹಲ್ಲಿಲ್ಲದ ಹಿರಿಯರಿಗೆ ಪಲ್ಯವನ್ನು ಸೌಟಿನಿಂದ ಮಸೆದು, ಅದರ ರಸದಲ್ಲಿ ರೊಟ್ಟಿಯನ್ನು ನೆನೆಸಿ ಕೊಡಬಹುದು. ಸಣ್ಣ ಮಕ್ಕಳಿಗೆ ಇಡಿ ಶೇಂಗಾ, ಇಡಿ ಕಡಲೆ ಗಂಟಲಲ್ಲಿ ಸಿಲುಕುವ ಭಯವಿರುವುದರಿಂದ ಕಾಳುಗಳನ್ನು ಹಿಸುಕಿ ಉಣಿಸಬೇಕು.

ನೂರು ಜನರಿಗೆ ಮಾಡುವಾಗ

ಅಳತೆಯನ್ನು ಬರಿದೆ ಗುಣಿಸಿದರೆ ದೊಡ್ಡ ಅಡುಗೆ ಕೆಡುತ್ತದೆ. ತರಕಾರಿ ಸುಮಾರು 22 ಕಿಲೋ, ಉಪ್ಪು 150 ಗ್ರಾಂ, ಎಣ್ಣೆ ಅರ್ಧ ಲೀಟರ್ ಸರಿಯಾದ ಲೆಕ್ಕ. ನೀರು ಮಾತ್ರ ಎಂಟು ಪಟ್ಟು ಬೇಡ. ದೊಡ್ಡ ಪಾತ್ರೆಯಲ್ಲಿ ಆವಿಯಾಗಿ ಹೋಗುವ ಪಾಲು ಕಡಿಮೆ, ಐದು ಪಟ್ಟು ಸಾಕು. ಖಾರವನ್ನು ಆರು ಪಟ್ಟು ಹಾಕಿ, ರುಚಿ ನೋಡಿ ಏರಿಸಬೇಕು. ಎಲ್ಲವನ್ನೂ ಒಂದೇ ಕೊಪ್ಪರಿಗೆಗೆ ತುಂಬದೆ ಮೂರು ಪಾತ್ರೆಗಳಿಗೆ ಹಂಚಿ, ಪದರುಗಳ ಎತ್ತರ ಒಂದು ಗೇಣನ್ನು ಮೀರದಂತೆ ನೋಡಿದರೆ ತಳ ಸೀಯದೆ ಮೇಲೂ ಬೇಯುತ್ತದೆ.

ದೊಡ್ಡ ಅಡುಗೆಯ ನಿಜವಾದ ಅಪಾಯ ಬೇಯಿಸಿದ ಮೇಲೆ ಶುರುವಾಗುತ್ತದೆ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಶಾಖದಲ್ಲಿ ರೋಗಾಣುಗಳು ಬೇಗ ಬೆಳೆಯುತ್ತವೆ. ಕಾಳು, ಕೊಬ್ಬರಿ, ಶೇಂಗಾ ಸೇರಿದ ಪಲ್ಯ ಅವಕ್ಕೆ ಒಳ್ಳೆಯ ನೆಲೆ. ಆದ್ದರಿಂದ ಬಡಿಸುವವರೆಗೂ ಪಲ್ಯದಿಂದ ಹಬೆಯಾಡುತ್ತಿರಬೇಕು. ಉಗುರುಬೆಚ್ಚಗೆ ಎರಡು ಗಂಟೆಗಿಂತ ಹೆಚ್ಚು ಇಡಬಾರದು. ಉಳಿದುದನ್ನು ಅಗಲ ತಟ್ಟೆಗಳಲ್ಲಿ ಹರಡಿ ಬೇಗ ಆರಿಸಿ, ಫ್ರಿಜ್ಜಿನಲ್ಲಿಟ್ಟು, ಮರುದಿನ ಕುದಿ ಬರುವಂತೆ ಒಮ್ಮೆ ಮಾತ್ರ ಬಿಸಿ ಮಾಡಬೇಕು. ವಾಸನೆ ಕೆಟ್ಟಿಲ್ಲವೆಂಬುದು ಆಹಾರ ಕೆಟ್ಟಿಲ್ಲವೆಂಬುದಕ್ಕೆ ಸಾಕ್ಷಿಯಲ್ಲ. ಭೋಗಿಯ ಪಲ್ಯವನ್ನು ಹೊರಗೇ ಇಟ್ಟು ಸಂಕ್ರಮಣದ ಬುತ್ತಿಗೆ ಕಟ್ಟುವ ರೂಢಿ ಕೆಲವೆಡೆ ಇದೆ, ಅದನ್ನು ಬಿಡಬೇಕು. ಸಂಗಮಕ್ಕೆ ಹೋಗುವವರು ಬೆಳಗಿನಲ್ಲಿ ಹೊಸದಾಗಿ ಬೇಯಿಸಿ, ಕುದಿನೀರು ಹಾಕಿ ಕಾಯಿಸಿದ ಬಿಸಿಡಬ್ಬಿಗೆ ಸುಡುಸುಡುವಾಗಿ ತುಂಬಿ ಒಯ್ಯಲಿ. ಅದಾಗದಿದ್ದರೆ ಒಣ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಹಸಿ ಗಜ್ಜರಿಯ ಬುತ್ತಿಯೇ ಸುರಕ್ಷಿತ.

ಹಾಲನ್ನು ಪೂರ್ತಿಯಾಗಿ ಬಿಟ್ಟವರಿಗೆ

ಒಂದು ದಿನದ ಹಬ್ಬಕ್ಕೆ ಹಾಲಿಲ್ಲದ ಊಟ ಉಂಡರೆ ಯಾರಿಗೂ ಕೊರತೆಯಾಗದು. ವರ್ಷಗಟ್ಟಲೆ ಬಿಟ್ಟವರು ಮಾತ್ರ ಎರಡು ವಿಷಯ ತಿಳಿದಿರಬೇಕು. ಮೊದಲನೆಯದು ‘ಬಿ 12’ ಜೀವಸತ್ವ. ಯಾವ ತರಕಾರಿ, ಕಾಳು, ಸೊಪ್ಪಿನಲ್ಲಿಯೂ ಇದು ನಂಬಬಹುದಾದಷ್ಟು ಇರುವುದಿಲ್ಲ. ನಮ್ಮಂತಹ ಶಾಕಾಹಾರಿಗಳಿಗೆ ಹಾಲು-ಮೊಸರೇ ಅದರ ಮುಖ್ಯ ಮೂಲ. ಇದರ ಕೊರತೆಯಿಂದ ರಕ್ತಹೀನತೆ, ಕೈಕಾಲು ಜೋಮು, ಮರೆವು ಉಂಟಾಗುತ್ತವೆ; ತಡವಾದರೆ ನರಗಳಿಗೆ ಆದ ಹಾನಿ ಸರಿಹೋಗದೆಯೂ ಇರಬಹುದು. ಆದ್ದರಿಂದ ಇವರು ವೈದ್ಯರ ಸಲಹೆಯಂತೆ ಬಿ 12 ಗುಳಿಗೆಯನ್ನು ತಪ್ಪದೆ ತೆಗೆದುಕೊಳ್ಳಬೇಕು. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಇದನ್ನು ಎಂದಿಗೂ ಅಲಕ್ಷಿಸಬಾರದು.

ಎರಡನೆಯದು ಸುಣ್ಣಾಂಶ. 100 ಗ್ರಾಂ ಎಳ್ಳಿನಲ್ಲಿ ಸುಮಾರು ಸಾವಿರ ಮಿಲಿಗ್ರಾಂ ಸುಣ್ಣಾಂಶವಿದೆ ಎಂಬ ಮಾತು ನಿಜ. ಆದರೆ ಈ ಪಲ್ಯದಲ್ಲಿ ಒಬ್ಬರ ಪಾಲಿಗೆ ಬರುವ ಎಳ್ಳು 5 ಗ್ರಾಂ. ಅದರಿಂದ ದೊರೆಯುವುದು 50 ಮಿಲಿಗ್ರಾಂ. ಸಿಪ್ಪೆಯಲ್ಲಿರುವ ಆಕ್ಸಲೇಟ್ ಅದರಲ್ಲಿಯೂ ಒಂದು ಪಾಲನ್ನು ಹಿಡಿದಿಡುತ್ತದೆ. ಒಂದು ಲೋಟ ಹಾಲಿನಲ್ಲಿ 200 ಮಿಲಿಗ್ರಾಂಗಿಂತ ಹೆಚ್ಚಿದೆ. ಎಳ್ಳು ತಿಂದೆವೆಂದು ಹಾಲಿನ ಸ್ಥಾನ ತುಂಬಿತೆಂದು ಭಾವಿಸಬಾರದು. ರಾಗಿ, ನುಗ್ಗೆಸೊಪ್ಪುಗಳು ದಿನನಿತ್ಯದ ಊಟದಲ್ಲಿ ಸೇರಬೇಕು.

ಕೊನೆಯದಾಗಿ, ಪ್ರಸಾದವನ್ನು ಎಲೆಯಲ್ಲಿ ಬಿಡಬಾರದೆಂಬ ನಮ್ಮ ನಿಯಮ ಆರೋಗ್ಯಕ್ಕೂ ಒಪ್ಪಬೇಕಾದರೆ ಮೊದಲ ಸಲ ಕಡಿಮೆ ಬಡಿಸಿ, ಕೇಳಿದವರಿಗೆ ಮತ್ತೆ ಬಡಿಸಬೇಕು. ಒತ್ತಾಯದಿಂದ ಬಡಿಸಿ, ಬಿಡಲಾರದೆ ಉಣ್ಣುವಂತೆ ಮಾಡುವುದು ಉಪಚಾರವಲ್ಲ. ಈ ಸಂಕ್ರಮಣದಲ್ಲಿ ಮನೆಗೆ ಬರುವವರನ್ನು ಹಿಂದಿನ ದಿನವೇ “ನಿಮಗೆ ಏನು ಒಗ್ಗುವುದಿಲ್ಲ?” ಎಂದು ಕೇಳಿಕೊಳ್ಳೋಣ. ಆ ಉತ್ತರಕ್ಕೆ ತಕ್ಕಂತೆ ಒಂದು ಗಡಿಗೆಯನ್ನು ಒಲೆಯ ಮೇಲಿಡೋಣ. ಪಂಕ್ತಿಯಲ್ಲಿ ಕುಳಿತ ಕೊನೆಯವರೂ ಹಸಿವಿನಿಂದ, ಸಂಕೋಚದಿಂದ ಏಳದಂತೆ ನೋಡಿಕೊಂಡರೆ ಹಬ್ಬವೂ ದಾಸೋಹವೂ ಒಂದೇ ಆಗುತ್ತವೆ.